ಅಂಚಿನ ನೂಲು

ಸ್ಲೈಡು ಒಣಗಿಸುವಾಗ ಸ್ಪಿರಿಟ್ ದೀಪ
ಉಣ್ಣೆ ಕೋಟಿನ ತೋಳನ್ನು ಒಮ್ಮೆ ನೆಕ್ಕಿತು.
ಅವರೆಕಾಳಿನಷ್ಟು ತೂತು.

ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ, ಬ್ಯಾಂಡ್‌ಸೆಟ್ಟಿನವರ ಪಕ್ಕ,
ಬಾಗಿಲಿಗಿಂತ ಅಗಲವಿಲ್ಲದ ಅಂಗಡಿಯಲ್ಲಿ
ಜಬೀವುಲ್ಲಾ ಸಾಬರು ರಫೂ ಮಾಡುತ್ತಾರೆ.
ಕೋಟನ್ನು ಬೆಳಕಿಗೆ ಹಿಡಿದು
ತೂತಿನೊಳಗಿಂದ ಒಂದು ಕಣ್ಣಲ್ಲಿ ನನ್ನನ್ನು ನೋಡಿದರು.
"ಕೂತ್ಕೊಳ್ಳಿ ಮೇಡಂ. ಎದ್ದು ಹೋದ್ರೆ ನಾಳೆಗಾಗ್ತದೆ."

ಕೂತೆ. ತಲೆಯಲ್ಲಿ ಇನ್ನೂ ಕತ್ತಲೆ ಕೋಣೆ,
ಕತ್ತಲೆಯಲ್ಲಿ ಮೂಡಿಗೆರೆ ರಸ್ತೆಯ ಕಾಡುಕುರಿ.
ಲಾರಿಗೆ ಸಿಕ್ಕಿದ್ದು, ಹೆಣ್ಣು.
ಅದರ ಕಿವಿಯ ಚೂರು, ಚೂರಿನಿಂದ ಬೆಳೆದ ಕೋಶ,
ಕೋಶದೊಳಗೆ ಬರೀ ಆರು ಕ್ರೋಮೋಸೋಮು,
ಒಂದೊಂದೂ ಹೆಬ್ಬಾವಿನಷ್ಟು ಉದ್ದ.
ತುದಿ ಗುರುತಿಸುವ ಕೆಂಪು ಬಣ್ಣ ಹಾಕಿದ್ದೆ.
ತುದಿಯಲ್ಲಿ ಹೊಳೆಯಿತು, ಸರಿ.
ನಡುಮಧ್ಯದಲ್ಲೂ ಮಿಣಕ್ ಎಂದಿತು.

ಟಿ ಟಿ ಎ ಜಿ ಜಿ ಜಿ
ಟಿ ಟಿ ಎ ಜಿ ಜಿ ಜಿ
ಇಲ್ಲಿಗೆ ಮುಗಿಯಿತು, ಇಲ್ಲಿಗೆ ಮುಗಿಯಿತು
ಎಂದು ಸಾವಿರ ಸಲ ಹೇಳುವ ಕಾವಲುಗಾರ
ಹಜಾರದ ನಡುವೆ ಯಾಕೆ ನಿಂತಿದ್ದಾನೆ?

"ಎರಡು ಸೀರೆಯ ಸೆರಗಿಗೆ ಸೆರಗು ಸೇರಿಸಿ ಹೊಲಿ,
ಜರಿ ನಡುವೆ ಬರೋದಿಲ್ವೇನಮ್ಮ?"
ನಮ್ಮ ಪುಟ್ಟಲಿಂಗಯ್ಯ ಮೇಷ್ಟ್ರ ಉತ್ತರ.
ಕಾಡುಕುರಿಗೆ ಅದು ಸರಿ.
ಎಪ್ಪತ್ತರ ಸುಮಾರು ಇದ್ದದ್ದು
ತುದಿಗೆ ತುದಿ ಅಂಟಿ ಅಂಟಿ ಆರಾದ ವಂಶ ಅದು.

ಆದರೆ ದುದ್ದದ ಹೊಲದಿಂದ ತಂದ ಇಲಿ?
ಅದರಲ್ಲೂ ನಡುವೆ ಒಂದು ತೇಪೆ, ಪುಟ್ಟದು,
ಬೆರಳೆಣಿಕೆಯಷ್ಟು ಸಲ ಅದೇ ಆರಕ್ಷರ.
ದಾಯಾದಿ ಇಲಿಯಲ್ಲಿ ಅದೇ ಜಾಗ ಓದಿದೆ:
ಎಡಕ್ಕೆ ಅದೇ ಅಕ್ಷರ, ಬಲಕ್ಕೆ ಅದೇ ಅಕ್ಷರ,
ನಡುವೆ ಏನೂ ಇಲ್ಲ, ಒಂದೇ ಹಾಸು.
ಯಾವ ಸೆರಗೂ ಅಲ್ಲಿಗೆ ಬಂದದ್ದಿಲ್ಲ.

ಸಾಬರು ಕೋಟಿನ ಒಳಮೈ ತಿರುಗಿಸಿದರು.
ಕೆಳಗಿನ ಮಡಿಕೆ ಬಿಚ್ಚಿ, ಸೂಜಿಮೊನೆಯಿಂದ
ಒಂದು ಎಳೆ ಹಿರಿದರು. ಇನ್ನೊಂದು. ಮತ್ತೊಂದು.
"ಅಂಚಿನ ನೂಲೇ ಯಾಕೆ ಸಾಬ್ರೇ?"
"ಮತ್ತೆಲ್ಲಿಂದ ತರಾದು? ಅಂಗಡಿ ನೂಲು ಪರದೇಶಿ, ಹೊಂದಲ್ಲ.
ಅಂಚಲ್ಲಿ ಮಡಿಚಿಕೊಂಡು ಸುಮ್ನೆ ಕೂತಿರ್ತದೆ,
ಹರಿದಾಗ ಕರಿಯೋದು."

ಹರಿದಾಗ.
ಮುಂದೊಂದು ದಿನ ಮೊಟ್ಟೆಯೋ ಬೀಜವೋ ಆಗಬೇಕಿದ್ದ
ಯಾವುದೋ ಒಂದು ಕೋಶದಲ್ಲಿ, ಯಾವತ್ತೋ,
ಎರಡೂ ಎಳೆ ಒಟ್ಟಿಗೆ ಪಟಕ್ಕೆಂದಿರಬೇಕು.
ತುದಿ ಕಾಯುವ ಕಿಣ್ವ ಓಡಿ ಬಂದಿದೆ, ಅಳುಕಿಲ್ಲದೆ.
ಅದು ಕಲಿತದ್ದು ಒಂದೇ ಪಾಠ:
ಕೊನೆ ಕಂಡರೆ ಕೊನೆ ಎಂದು ಬರೆ.
ಬರೆಯುತ್ತಿರುವಾಗಲೇ ಕಳಚಿ ಹೋದ ಇನ್ನೊಂದು ಬದಿ
ಬಂದು ಸೇರಿಕೊಂಡಿದೆ. ಗಾಯ ಮುಚ್ಚಿದೆ.
ಬರೆದದ್ದನ್ನು ಅಳಿಸಲು ಯಾರೂ ಬರಲಿಲ್ಲ.

ಇಲಿ ಬದುಕಿತು, ರಾಗಿ ತಿಂದಿತು, ಮರಿ ಹಾಕಿತು.
ಮರಿಯ ಮರಿಗೂ ಅದೇ ತೇಪೆ.
ಎಷ್ಟೋ ಲಕ್ಷ ವರ್ಷದಲ್ಲಿ ಒಂದು ಜಿ ಸವೆದು ಎ ಆಯಿತು,
ಒಂದು ಟಿ ಬಿದ್ದೇ ಹೋಯಿತು,
ತೊದಲಾಯಿತು ಮಾತು. ನಾನು ನಿನ್ನೆ ಓದಿದ್ದು ಆ ತೊದಲು.

ಮೊದಲು ಉದ್ದಕ್ಕೆ ಎಳೆ, ಆಮೇಲೆ ಅಡ್ಡಕ್ಕೆ,
ಮೇಲೊಂದು ಕೆಳಗೊಂದು. ಸಾಬರ ಉಸಿರು ಸೂಜಿಯ ಜೊತೆಗೇ
ಒಳಗೆ ಹೋಗಿ ಹೊರಗೆ ಬರುತ್ತಿತ್ತು.
ಪಕ್ಕದಲ್ಲಿ ಯಾರೋ ಕ್ಲಾರಿನೆಟ್ಟಿನ ಒಂದೇ ಸ್ವರ
ಸರಿಯಾಗುವವರೆಗೂ ಊದುತ್ತಿದ್ದರು.

"ನೋಡ್ಕೊಳ್ಳಿ."
ಕಣ್ಣಿಗೆ ಸಿಗಲಿಲ್ಲ. ಹೆಬ್ಬೆರಳಿಗೆ ಸಿಕ್ಕಿತು,
ಒಂದಿಷ್ಟು ದಪ್ಪ, ಒಂದಿಷ್ಟು ಬಿಗಿ.
"ಜೋರಾಗಿ ಎಳೀಬೇಡಿ, ಮತ್ತೆ ಕಿತ್ರೆ ಅಲ್ಲೇ ಕೀಳಾದು."

ನಮ್ಮಲ್ಲೂ ಹಾಗೇ ಒಂದು ಅನುಮಾನವಿದೆ
ಎಂದು ಹೇಳಹೊರಟವಳು
ಎಷ್ಟಾಯಿತು ಎಂದಷ್ಟೇ ಕೇಳಿದೆ.

"ಕೈಗೆ ನೂರಿಪ್ಪತ್ತು ಕೊಡಿ.
ನೂಲಿಗೇನಿಲ್ಲ, ಅದು ನಿಮ್ದೇ."